ಎರಡು ಕೋಣೆಯ ಮನೆಯಲ್ಲೊಂದು ಪುಚ್ಚೆ

ಕಲ್ಯಾಣಪುರದ ಹಳೆಯ ಮನೆಗಳಲ್ಲಿ ಬೆಕ್ಕಿಗೆಂದು ಯಾರೂ ಪ್ರತ್ಯೇಕ ಏರ್ಪಾಡು ಮಾಡಿದವರಲ್ಲ. ಮಲಗಲು ಬಚ್ಚಲು ಒಲೆಯ ಬೆಚ್ಚನೆಯ ಬದಿ, ಅಡಗಲು ಅಟ್ಟ, ಉಗುರು ಕೆರೆಯಲು ತೆಂಗಿನ ಮರ, ಶೌಚಕ್ಕೆ ಅದರ ಬುಡದ ಸಡಿಲ ಮಣ್ಣು, ಬೇಟೆಗೆ ಬೈಹುಲ್ಲಿನ ರಾಶಿಯ ಇಲಿಗಳು. ಮನೆಯವರು ಕೊಡುತ್ತಿದ್ದುದು ಬಂಗುಡೆಯ ತಲೆ ಮತ್ತು ಒಂದಿಷ್ಟು ಬೈಗುಳ ಮಾತ್ರ.

ಈಗ ಸಂತೆಕಟ್ಟೆಯ ಆಸುಪಾಸಿನಲ್ಲಿ ಅಂಗಳವಿಲ್ಲದ ಮನೆಗಳೂ ಬೇಕಾದಷ್ಟಿವೆ. ಅಂಥದೊಂದು ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದ ಕುಟುಂಬ, ಹಳೆಯ ಅಭ್ಯಾಸದಂತೆ ತಮ್ಮ ಬೆಕ್ಕನ್ನು ಹೊರಗೆ ಬಿಡುತ್ತಿತ್ತು. ಹಿಂದೆ 17 ಎಂಬ ಸಂಖ್ಯೆಯಿದ್ದ, ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿ ಅಲ್ಲಿಗೆ ಕೂಗಳತೆಯ ದೂರ. ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದ ಹುಡುಗಿಯೇ ಅದನ್ನು ರಸ್ತೆಯ ಬದಿಯಲ್ಲಿ ಕಂಡಳು. ಆಮೇಲೆ ಬಹಳ ದಿನ ಆ ಮನೆಯಲ್ಲಿ ಬೆಕ್ಕಿನ ಮಾತು ಎತ್ತುವಂತಿರಲಿಲ್ಲ. ಮತ್ತೊಂದು ಮರಿ ಬಂದಾಗ ಆಕೆಯ ಷರತ್ತು ಒಂದೇ: ಇದು ಬಾಗಿಲು ದಾಟಬಾರದು.

ಅಜ್ಜಿಗೆ ಇದು ಸರಿ ಬರಲಿಲ್ಲ. “ಪುಚ್ಚೆಯನ್ನು ಜೈಲಿಗೆ ಹಾಕಿದ ಹಾಗಾಯಿತಲ್ಲ ಮಗಾ” ಎಂದರು. ಮಾತು ಸುಳ್ಳೇನಲ್ಲ. ಮರಿ ರಾತ್ರಿಯಿಡೀ ಕೂಗಿತು, ಪರದೆ ಹರಿಯಿತು, ಶಾಲೆಯ ಚೀಲದ ಮೇಲೆಯೇ ಉಚ್ಚೆ ಹೊಯ್ದಿತು. ಅಂಗಳವನ್ನು ಕಿತ್ತುಕೊಂಡವರು ಅಂಗಳ ಕೊಡುತ್ತಿದ್ದುದನ್ನಾದರೂ ಒಳಗೆ ಒದಗಿಸಬೇಡವೇ?

ಬೆಕ್ಕು ಬೇಟೆಯ ಪ್ರಾಣಿ ಹೌದು. ಆದರೆ ತನಗಿಂತ ದೊಡ್ಡವುಗಳಿಗೆ ಬೇಟೆಯಾಗುವ ಪ್ರಾಣಿಯೂ ಹೌದು. ಆದ್ದರಿಂದ ಅದಕ್ಕೆ ನೆಲದ ವಿಸ್ತಾರಕ್ಕಿಂತ ಎತ್ತರದ ಜಾಗ ಮತ್ತು ಅಡಗುತಾಣ ಮುಖ್ಯ. ಕಪಾಟಿನ ಮೇಲಿದ್ದ ಹಳೆಯ ಸೂಟ್‌ಕೇಸುಗಳನ್ನು ಕೆಳಗಿಳಿಸಿ, ಹತ್ತಲು ಒಂದು ಸ್ಟೂಲು ಇಟ್ಟದ್ದಷ್ಟೇ. ಮರಿಯ ಅರ್ಧ ಗಲಾಟೆ ನಿಂತಿತು. ಅಡಿಕೆ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದರು. ಉಗುರಿನ ಹಳೆಯ ಸಿಪ್ಪೆ ಕಳಚುವುದಕ್ಕೆ, ಪಾದದ ವಾಸನೆ ಉಳಿಸಿ ‘ಇದು ನನ್ನ ಜಾಗ’ ಎಂದು ತಿಳಿಸುವುದಕ್ಕೆ ಬೆಕ್ಕು ಕೆರೆಯಲೇಬೇಕು. ಹೊಡೆದು ಬಿಡಿಸುವ ಚಟ ಅದಲ್ಲ.

ಕಿಟಕಿಗೆ ಬಲೆ ಹಾಕಿಸುವುದು ದಂಡದ ಖರ್ಚೆಂದು ತಂದೆಯ ವಾದ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದಂತೆ! 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು, ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ ಪ್ರಕಟಿಸಿದ್ದರು. ಸುಮಾರು ಶೇಕಡಾ 90 ಬದುಕಿದ್ದವು. ಆದರೆ ಎದೆಗೆ ಪೆಟ್ಟು, ಒಡೆದ ದವಡೆ, ಮುರಿದ ಕಾಲು ಅವುಗಳಲ್ಲಿ ಸಾಮಾನ್ಯ. ಬಿದ್ದಲ್ಲೇ ಸತ್ತವು ಆಸ್ಪತ್ರೆಗೆ ಬರುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬಲೆ ಬಂತು. ಕಿಟಕಿಯ ದಂಡೆ ಮರಿಯ ಪಾಲಾಯಿತು.

ಶೌಚದ ಸಮಸ್ಯೆ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಅಮೆರಿಕದಲ್ಲಿ 1947ರಲ್ಲಿ ಎಡ್ ಲೋವ್ ಎಂಬಾತ, ಬೆಕ್ಕಿಗೆಂದು ಮರಳು ಕೇಳಲು ಬಂದ ನೆರೆಯಾಕೆಗೆ ತೇವ ಹೀರುವ ಜೇಡಿಮಣ್ಣಿನ ಹರಳು ಕೊಟ್ಟದ್ದೇ ಒಂದು ದೊಡ್ಡ ಉದ್ಯಮವಾಯಿತು. ಇಲ್ಲಿ ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು, ನಾಲ್ಕು ಬೆರಳು ದಪ್ಪ ಒಣ ಮರಳು ಸಾಕಾಯಿತು. ಊಟದ ತಟ್ಟೆಯ ಪಕ್ಕ ಇಟ್ಟಾಗ ಮರಿ ಮೂಸಿಯೂ ನೋಡಲಿಲ್ಲ. ಮೂಲೆಗೆ ಸರಿಸಿದ ದಿನವೇ ಒಪ್ಪಿಕೊಂಡಿತು. ಟಬ್ಬನ್ನು ದಿನವೂ ಶುಚಿ ಮಾಡಲೇಬೇಕು. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿಗೆ ಸೋಂಕು ಹರಡುವ ಶಕ್ತಿ ಬರಲು ಒಂದರಿಂದ ಐದು ದಿನ ಬೇಕು. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ವಾಸನೆಗೆಂದು ತಾಯಿ ದಿನಾ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ಶುಚಿಯೇ ಇಲ್ಲಿ ಅಪಾಯವಾಗುತ್ತದೆ. ನೆಲದ ಮೇಲೆ ನಡೆದ ಬೆಕ್ಕು ತನ್ನ ಪಾದ ನೆಕ್ಕುತ್ತದೆ. ಫೀನಾಲಿನಂಥ ವಸ್ತುಗಳನ್ನು ನಿರ್ವಿಷಗೊಳಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಅದೇ ಕಾರಣಕ್ಕೆ ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆಯೇ ಕೊಲ್ಲಬಲ್ಲದು. ಬೆಕ್ಕಿಗೆ ಜ್ವರ ಬಂತೆಂದು ಪ್ರೀತಿಯಿಂದಲೇ ಅರ್ಧ ಮಾತ್ರೆ ಅರೆದು ಹಾಕುವವರಿದ್ದಾರೆ. ಈಗ ಆ ಮನೆಯ ನೆಲಕ್ಕೆ ಸಾಬೂನು ನೀರು.

ಊಟಕ್ಕೆ ಮುಳ್ಳು ತೆಗೆದ ಬೇಯಿಸಿದ ಮೀನು. ಅನ್ನ-ಹಾಲು ಮಾತ್ರ ಸಾಲದು. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ವಸ್ತು ಮೀನು, ಮಾಂಸದಿಂದಲೇ ಬರಬೇಕು. ಹೊರಗೆ ಹೋಗದಿದ್ದರೂ ರೇಬಿಸ್ ಲಸಿಕೆ ತಪ್ಪಿಸುವಂತಿಲ್ಲ. ಬೆಳಗು ಮತ್ತು ಮುಸ್ಸಂಜೆ ಬೆಕ್ಕಿನ ಬೇಟೆಯ ಹೊತ್ತು. ಆಗ ಹುಡುಗಿ ದಾರದ ತುದಿಗೆ ಕೋಳಿಗರಿ ಕಟ್ಟಿ ಹತ್ತು ನಿಮಿಷ ಎಳೆದಾಡುತ್ತಾಳೆ, ಕೊನೆಗೊಮ್ಮೆ ಹಿಡಿಯಲು ಬಿಡುತ್ತಾಳೆ, ಕೂಡಲೇ ಊಟ ಹಾಕುತ್ತಾಳೆ. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುವ ಆ ದಾರವನ್ನು ಆಟ ಮುಗಿದೊಡನೆ ಎತ್ತಿಡುತ್ತಾಳೆ. ರಾತ್ರಿಯ ಕೂಗು ನಿಂತದ್ದು ಇದರಿಂದ.

ಮಳೆಗಾಲ ಮಾತ್ರ ಕಷ್ಟ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮಲ್ಪೆಯ ಮೀನು ದುಬಾರಿ, ಮರಳೂ ಒಣಗುವುದಿಲ್ಲ. ಆಗ ಟಬ್ಬಿಗೆ ಹಳೆಯ ಪತ್ರಿಕೆಯ ಚೂರುಗಳೇ ಗತಿ. ತಂದೆ ಭಾನುವಾರದ ಪುರವಣಿಯನ್ನು ಸಂಜೆಯೊಳಗೆ ಓದಿ ಮುಗಿಸಬೇಕು. ಇಲ್ಲದಿದ್ದರೆ ಅಜ್ಜಿಯೇ ಹರಿದು ಹಾಕುತ್ತಾರೆ.