ಖಾಲಿ ಬಿಟ್ಟ ಎರಡನೇ ಮೆಟ್ಟಿಲು

ಸ್ಯಾನ್ ಹೋಸೆ, ಭಾನುವಾರ

ಅಕ್ಕಾ,

ಇಲ್ಲಿ ಜೋಳದ ಹಿಟ್ಟೂ ಸಿಗುತ್ತದೆ. ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಏನನ್ನುತ್ತಾರೋ ಅಂತ ಮಗಳಿಗೆ ಅಂಜಿಕೆ.

ನಿನ್ನೆ ಅಳಿಯ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕರಕೊಂಡು ಹೋಗಿದ್ದ. ಪಿ.ಟಿ. ಮೇಷ್ಟ್ರಾದ ನೀವು ನೋಡಲೇಬೇಕಾದ್ದು ಒಂದಿದೆ ಅಂದ. ಹುಲ್ಲುಹಾಸಿನ ಮೇಲೆ 22 ಅಡಿ ಎತ್ತರದ ಸ್ಮಾರಕ. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ 200 ಮೀಟರ್ ಓಟದ ಪದಕ ಕೊಟ್ಟ ಗಳಿಗೆ ಅದು. ಟಾಮಿ ಸ್ಮಿತ್, ಜಾನ್ ಕಾರ್ಲೋಸ್, ಇಬ್ಬರೂ ಇಲ್ಲೇ ಓದಿದ ಕರಿಯ ಹುಡುಗರು. ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿ ಮೇಲೆತ್ತಿದ್ದಾರೆ. ಸ್ಮಿತ್ ಓಡಿದ್ದು 19.83 ಸೆಕೆಂಡು, ವಿಶ್ವದಾಖಲೆ! ಪದಕ ತಗೊಳ್ಳುವಾಗ ಕಾಲಲ್ಲಿ ಬೂಟಿಲ್ಲ, ಬರೀ ಕರಿ ಕಾಲುಚೀಲ. ತಮ್ಮವರ ಬಡತನ ಲೋಕಕ್ಕೆ ಕಾಣಲಿ ಅಂತ. ಎರಡೇ ದಿನಕ್ಕೆ ತಂಡದಿಂದ ಹೊರಹಾಕಿದರು. ಸ್ಮಾರಕ ಎದ್ದದ್ದು 2005ರಲ್ಲಿ.

ಕಾರ್ಲೋಸ್ ಅಂದು ಕೊರಳಿಗೆ ಮಣಿಸರ ಹಾಕಿದ್ದನಂತೆ, ಗುಂಪುಗಟ್ಟಿ ನೇಣು ಹಾಕಿ ಕೊಂದ ಕರಿಯರ ನೆನಪಿಗೆ. ಅದನ್ನು ಕೇಳಿದ್ದೇ ನನಗೆ ಭರತ ಹುಣ್ಣಿಮೆ ಜಾತ್ರೆ ಕಣ್ಣಮುಂದೆ ಬಂತು. ನಮ್ಮ ಉಚ್ಚಂಗಿ ಗುಡ್ಡದಲ್ಲೂ ಕೊರಳಿಗೆ ಮಣಿ ಬೀಳುತ್ತಿತ್ತಲ್ಲ. ಯಾವ ಕೇರಿಯ ಹುಡುಗಿಯರಿಗೆ ಅಂತ ನಿನಗೂ ಗೊತ್ತು. ದೇವದಾಸಿ ಬಿಡಬಾರದು ಅಂತ 1982ರಲ್ಲಿ ಕಾನೂನು ಆದ ಮೇಲೂ ಕದ್ದುಮುಚ್ಚಿ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಕಾರ್ಲೋಸ್ ತಾನಾಗಿ ಹಾಕಿಕೊಂಡ, ಎಲ್ಲರೂ ನೋಡಲಿ ಅಂತ. ಆ ಹುಡುಗಿಯರನ್ನು ಕೇಳಿದವರು ಯಾರು?

ಸ್ಮಾರಕದಲ್ಲಿ ಎರಡನೇ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ. ಅದು ಆಸ್ಟ್ರೇಲಿಯಾದ ಬಿಳಿಯ ಪೀಟರ್ ನಾರ್ಮನ್ ನಿಂತ ಜಾಗ. ಅವನು ಮುಷ್ಟಿ ಎತ್ತಲಿಲ್ಲ, ಇವರ ಮಾನವ ಹಕ್ಕು ಚಳವಳಿಯ ಬಿಲ್ಲೆ ಎದೆಗೆ ಚುಚ್ಚಿಕೊಂಡ, ಅಷ್ಟೆ. ಅಷ್ಟಕ್ಕೇ ತನ್ನವರ ಸಿಟ್ಟಿಗೆ ಗುರಿಯಾದ. 1972ರ ಮ್ಯೂನಿಕ್‌ಗೆ ಅವನನ್ನು ಕಳಿಸಲಿಲ್ಲ. ಅವನ 20.06 ಸೆಕೆಂಡಿನ ದಾಖಲೆಯನ್ನು ಆಸ್ಟ್ರೇಲಿಯಾದಲ್ಲಿ ಒಬ್ಬ ಶಾಲಾ ಹುಡುಗ ಮುರಿದದ್ದು 2024ರಲ್ಲಿ, ನೋಡು! 2006ರಲ್ಲಿ ಅವನು ತೀರಿಕೊಂಡಾಗ ಸ್ಮಿತ್, ಕಾರ್ಲೋಸ್ ಅಲ್ಲಿಗೇ ಹೋಗಿ ಹೆಗಲು ಕೊಟ್ಟರು. ಇಲ್ಲಿ ತನ್ನ ಮೂರ್ತಿ ಬೇಡ, ಬಂದವರು ಆ ಜಾಗದಲ್ಲಿ ನಿಲ್ಲಲಿ ಅಂದವನೂ ಅವನೇ.

ಅಷ್ಟೆಲ್ಲ ಕಳಕೊಂಡವನಿಗೆ ಒಂದು ಮೂರ್ತಿಯೂ ಬೇಡವೇ, ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಮೂವರೂ ಇದ್ದಾರಲ್ಲ ಅಂತ ಅಳಿಯನ ವಾದ. ನನಗೆ ನಾರ್ಮನ್ನನ ಮಾತೇ ಹಿಡಿಸಿತು. ಮೂರ್ತಿ ಇದ್ದಿದ್ದರೆ ಕೈಮುಗಿದು ಬಂದುಬಿಡುತ್ತಿದ್ದೆ. ಖಾಲಿ ಇದ್ದದ್ದಕ್ಕೆ ಮೊಮ್ಮಗ ಕೈ ಹಿಡಿದು ನನ್ನನ್ನೇ ಹತ್ತಿಸಿದ. ಆ ಎತ್ತರದವರ ಪಕ್ಕ ಹೇಗೆ ಕಾಣುತ್ತೇನೆ ಅಂತ ಫೋಟೋದಲ್ಲಿ ನೋಡಿ ನಗು.

ಹುಣ್ಣಿಮೆ ಹೊತ್ತಿಗೆ ಊರಲ್ಲಿರುತ್ತೇನೆ. ಮುತ್ತು ಕಟ್ಟಿಸಬೇಡಿ ಅಂತ ಜಾತ್ರೆಯಲ್ಲಿ ತಿಳಿಹೇಳುವ ಹೆಣ್ಣುಮಕ್ಕಳಿಗೆ ನನ್ನ ಹೆಸರನ್ನೂ ಹೇಳಿಡು.

ನಿನ್ನ ತಮ್ಮ