ಹಿಡಿ ಯಾರ ಕೈಯಳತೆ?

ಒಂದು ಗುದ್ದಲಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಅಂಗಡಿಯಲ್ಲಿ ಗೊತ್ತಾಗಲ್ಲ. ಹೊಲಕ್ಕೆ ಹೋದ ಮೇಲೂ ಬೆಳಿಗ್ಗೆ ಗೊತ್ತಾಗಲ್ಲ. ಸಂಜೆ ಮನೆಗೆ ಬಂದು ಮುದ್ದೆ ಮುರಿಯುವಾಗ ಬೆರಳು ಮಡಚುತ್ತದೋ ಇಲ್ಲವೋ, ಆಗ ಗೊತ್ತಾಗುತ್ತದೆ. ನಮ್ಮ ಕೇರಿಯ ಹೆಂಗಸರಿಗೆ ಈ ವಿದ್ಯೆಯನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ. ಸೊಂಟ ಕಲಿಸಿತು, ಭುಜ ಕಲಿಸಿತು, ಅಂಗೈ ಬೊಬ್ಬೆ ಕಲಿಸಿತು. ಇದಕ್ಕೆ ಸರ್ಟಿಫಿಕೇಟಿಲ್ಲ. ಅದಕ್ಕೇ ಊರಿಗೆ ಹೊಸ ಉಪಕರಣ ಬಂದಾಗ ಇವರನ್ನು ಯಾರೂ ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ಕೆ.ಆರ್. ನಗರ ತಾಲ್ಲೂಕಿನ ಕಾಲುವೆ ಬದಿಯ ಒಂದೂರಲ್ಲಿ ಕೃಷಿ ಉಪಕರಣಗಳ ಪ್ರಾತ್ಯಕ್ಷಿಕೆ ನಡೆಯಿತು. ಶಾಮಿಯಾನ ಹಾಕಿದ್ದರು. ಅದರಡಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಗಳ ಮೇಲೆ ಪಹಣಿ ಇದ್ದವರು. ಬದುವಿನ ಮೇಲೆ ಕೂಲಿಯವರು ನಾವು. ನಮ್ಮನ್ನು ಕರೆಸಿದ್ದು ಅಭಿಪ್ರಾಯ ಕೇಳಲು ಅಲ್ಲ. ಕೆಸರಿಗಿಳಿದು ತೋರಿಸಲು ಯಾರದಾದರೂ ಕಾಲು ಬೇಕಿತ್ತು. 'ಇಳೀರವ್ವ, ಒಸಿ ತಳ್ಳಿ ತೋರ್ಸಿ, ಫೋಟೋ ತಕ್ಕಳಾದದೆ' ಅಂದರು.

ನಮ್ಮವ್ವ, ದೊಡ್ಡವ್ವ, ಚಿಕ್ಕವ್ವ, ನಾನು ಇಳಿದೆವು. ಬಿ.ಎ. ಮುಗಿಸಿದ್ದರೂ ನಾಟಿ ಕಾಲಕ್ಕೆ ನಾನೂ ಒಂದಾಳು. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಹೇಳಿದಳು: 'ಬಂದಿದ್ದು ಬಂದೋ, ಎಲ್ಲಾನೂವೆ ಹಿಡ್ದು ನೋಡ್ಬುಡವ ಕಣ್ರವ್ವ.'

ಮೊದಲು ಸಾಲುನಾಟಿ ಗದ್ದೆಯ ಕಳೆ ತೆಗೆಯುವ ಕೋನೋ ವೀಡರ್. ಹಲ್ಲಿರುವ ಎರಡು ಉರುಳೆ, ಕೊಳವೆ ಥರ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಒಂದರ ಹಿಂದೊಂದು ತಿರುವುಮುರುವಾಗಿ ಕೂತಿರುತ್ತವೆ. ಮುಂದೆ ಒಂದು ತಗಡಿನ ತೇಲು, ಕೆಸರಲ್ಲಿ ಹೂತುಹೋಗದಂತೆ. ಮುಂದೆ ತಳ್ಳಿ ಹಿಂದೆ ಎಳೆದರೆ ಕಳೆ ಮಣ್ಣೊಳಗೆ ಹೂತು ಗೊಬ್ಬರವಾಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಮಡಗಾಸ್ಕರಿನಲ್ಲಿ 1983ರಲ್ಲಿ ಹುಟ್ಟಿದ ಶ್ರೀ ಪದ್ಧತಿಯ ಭತ್ತದ ಬೇಸಾಯದ ಜತೆಗೆ ಇದು ನಮ್ಮ ಕಡೆಗೂ ಬಂತು. ವಿದ್ಯೆ ಒಳ್ಳೆಯದೇ. ಬಗ್ಗಿ ಕಳೆ ಕೀಳುವ ಬದಲು ನಿಂತು ತಳ್ಳುವುದು ಯಾರಿಗೆ ಬೇಡ? ಆದರೆ ಹಿಡಿ ನನ್ನ ಎದೆಗೆ ಬಂತು. ಅವ್ವ ನನಗಿಂತ ಗಿಡ್ಡ. ಅವಳಿಗೆ ಕತ್ತಿನ ಹತ್ತಿರ. ಮೊಣಕೈ ರೆಕ್ಕೆ ಥರ ಮೇಲೆತ್ತಿ ತಳ್ಳಬೇಕು. ಹತ್ತು ಹೆಜ್ಜೆ ತಳ್ಳಿದರೆ ಏನೂ ಅನಿಸಲ್ಲ. ಐವತ್ತು ಹೆಜ್ಜೆಗೆ ಭುಜದ ಸಂದು ಉರಿಯಿತು. ಜೇಡಿಮಣ್ಣು ಹಲ್ಲಿಗೆ ಮೆತ್ತಿಕೊಂಡು ಆರೇಳು ಕೆಜಿಯ ಯಂತ್ರ ಇನ್ನೂ ಭಾರವಾಯಿತು. ಪಕ್ಕದಲ್ಲೇ ಒಂದೇ ಉರುಳೆಯ ಹಳೇ ಜಪಾನ್ ಮಾದರಿ ಇತ್ತು. ಅದು ಹಗುರ, ಆದರೆ ಕಳೆ ಅರ್ಧ ಬಿಟ್ಟುಹೋಗುತ್ತದೆ. ಒಂದೇ ಸಾಲಿಗೆ ಎರಡು ಸಲ ಓಡಾಡಬೇಕು. ಅವ್ವ ಎರಡನ್ನೂ ತಳ್ಳಿ ನೋಡಿ, 'ಹಿಡಿನ ಗೇಣು ಕಮ್ಮಿ ಮಾಡುದ್ರೆ ಮೊದುಲ್ನೇದೆ ವಾಸಿ' ಅಂದಳು. ಬರೆದುಕೊಳ್ಳುವವರು ಯಾರೂ ಹತ್ತಿರ ಇರಲಿಲ್ಲ.

ಒಣಭೂಮಿಗೆ ಸೈಕಲ್ ಚಕ್ರದ ಎಡೆಕುಂಟೆ ತಂದಿದ್ದರು. ಹುಣಸೂರು, ಪಿರಿಯಾಪಟ್ಟಣದ ಕೆಂಪು ಹೊಲದಲ್ಲಿ ರಾಗಿ ಸಾಲಿಗೆ ಇದು ಒಗ್ಗುತ್ತದೆ. ಹಿಡಿಯಲ್ಲಿ ಬೋಲ್ಟು ಬಿಚ್ಚಿ ಮೇಲೆ ಕೆಳಗೆ ಮಾಡುವ ಮೂರು ತೂತುಗಳಿದ್ದವು. ಅಷ್ಟೇ, ಬರೀ ಮೂರು ತೂತು. ಆದರೆ ಆ ದಿನ ತಂದಿದ್ದರಲ್ಲಿ, 'ತಳ್ಳುವವರು ಒಬ್ಬರಂತೆ ಒಬ್ಬರಿರುವುದಿಲ್ಲ' ಅಂತ ಯೋಚನೆ ಮಾಡಿದವರ ಕೈ ಕಂಡದ್ದು ಅಲ್ಲೊಂದರಲ್ಲೇ.

ಗರಗಸದ ಹಲ್ಲಿನ ಕುಡುಗೋಲನ್ನು ಬದುವಿನ ಹುಲ್ಲಿನ ಮೇಲೆ ನೋಡಿದೆವು. ಹಗುರ. ಮಸೆಯುವ ಗೋಜಿಲ್ಲ. ಬೀಸಿ ಹೊಡೆಯದೆ ಹಿಡಿದೆಳೆದರೆ ಸರಕ್ಕನೆ ಕುಯ್ಯುತ್ತದೆ. ನನಗೆ, ಅವ್ವನಿಗೆ ಹಿಡಿಸಿತು. ಚಿಕ್ಕವ್ವ ಎಡಚಿ. ಹಲ್ಲಿನ ಮೊನೆಯೆಲ್ಲ ಬಲಗೈಗೆ ಮಾಡಿದ್ದು. ಅವಳ ಕೈಲಿ ಅದು ಹುಲ್ಲನ್ನು ಜಗ್ಗಿತೇ ಹೊರತು ಕುಯ್ಯಲಿಲ್ಲ. ನಮ್ಮೂರಿನ ಕುಲುಮೆಯ ಅಣ್ಣ ಅವಳಿಗೆ ಎಡಗೈ ಕುಡುಗೋಲನ್ನೇ ತಟ್ಟಿ ಕೊಟ್ಟಿದ್ದಾನೆ. ಕುಲುಮೆಯವನು ಕೈ ನೋಡಿ ಕಬ್ಬಿಣ ಬಡಿಯುತ್ತಾನೆ.

ಆಮೇಲೆ ಔಷಧಿ ಹೊಡೆಯುವ ಕ್ಯಾನು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹದಿನಾರು ಲೀಟರಿನದು. ಕೈಯಲ್ಲಿ ಹೊಡೆಯುವುದು ಒಂದು, ಬ್ಯಾಟರಿಯದು ಒಂದು. ಬ್ಯಾಟರಿಯದರಲ್ಲಿ ಎಡಗೈಗೆ ಬಿಡುವು ಸಿಗುವುದು ನಿಜ. ಆದರೆ ಹದಿನಾರು ಲೀಟರ್ ನೀರೆಂದರೆ ಹದಿನಾರು ಕೆಜಿ. ಕ್ಯಾನು, ಬ್ಯಾಟರಿ ಸೇರಿದರೆ ಇಪ್ಪತ್ತು ದಾಟುತ್ತದೆ. ಬೆರಳಗಲದ ಪಟ್ಟಿ ಭುಜ ಕುಯ್ಯುತ್ತದೆ. ಆವತ್ತು ನಮ್ಮ ಬೆನ್ನಿಗೇರಿಸಿದ್ದು ಅರ್ಧ ಕ್ಯಾನು, ಅದೂ ಬರೀ ನೀರು. ಮುಚ್ಚಳದಿಂದ ಜಿನುಗಿ ನನ್ನ ರವಿಕೆ ಬೆನ್ನು ತೊಯ್ದಾಗ ಕುರ್ಚಿಯಲ್ಲಿದ್ದವರು ನಕ್ಕರು. ನೀರಾದ್ದರಿಂದ ನಗಬಹುದಿತ್ತು. ಕೆಲಸದ ದಿನ ಅದೇ ಸಂದಿನಿಂದ ಜಿನುಗುವುದು ವಿಷ. ಕೈಗವಸು, ಮುಖಕ್ಕೆ ಕಟ್ಟುವುದು ಎರಡೂ ಮೇಜಿನ ಮೇಲೆ ಚೆಂದಾಗಿ ಜೋಡಿಸಿದ್ದರು. ಕ್ಯಾನು ಕೊಂಡರೆ ಅವೂ ಬರುತ್ತವಾ ಅಂತ ಕೇಳಿದೆ. ಬರುವುದಿಲ್ಲ, ಬೇರೆ ಕೊಳ್ಳಬೇಕು ಅಂದರು.

ಪ್ರಾತ್ಯಕ್ಷಿಕೆ ಅನ್ನುವುದರ ಸುಳ್ಳು ಇಲ್ಲಿದೆ. ತೋರಿಸುವುದು ಹತ್ತು ನಿಮಿಷ, ದುಡಿಯುವುದು ಎಂಟು ಗಂಟೆ. ತೋರಿಸುವಾಗ ನೀರು, ದುಡಿಯುವಾಗ ಔಷಧಿ. ತೋರಿಸುವ ಗದ್ದೆ ಮೊದಲೇ ಹದ ಮಾಡಿದ್ದು, ದುಡಿಯುವ ಗದ್ದೆಯಲ್ಲಿ ಕಲ್ಲು, ಗಾಜು, ಮುಳ್ಳು.

ಮೇಜಿನ ಮೇಲೆ ಇಲ್ಲದ ಉಪಕರಣದ ಮಾತನ್ನೂ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನ ಹೊಲಗಳಲ್ಲಿ ಸೊಪ್ಪು ಮುರಿಯುವುದು ಬರಿಗೈಯಲ್ಲಿ. ಇಬ್ಬನಿಗೋ ಮಳೆಗೋ ಒದ್ದೆಯಾದ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಮೈಗಿಳಿಯುತ್ತದೆ. ತಲೆ ಸುತ್ತು, ವಾಂತಿ. 'ಸೊಪ್ಪಿನ್ ಗಾಳಿ ಬಡೀತು' ಅಂತ ನಮ್ಮವರು ಮಲಗಿ ಎದ್ದು ಮಾರನೇ ದಿನ ಮತ್ತೆ ಹೋಗುತ್ತಾರೆ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರೂ ಇದೇ ಹೊಲಗಳಿಗೆ ಕೂಲಿಗೆ ಬರುತ್ತಾರೆ. ಆ ಕೆಲಸಕ್ಕೆ ಬೇಕಾದ ಒಂದು ಜತೆ ಕೈಗವಸನ್ನು, 'ಹಾಕ್ಕೊಂಡು ನೋಡಿ, ಒಗ್ಗುತ್ತಾ ಹೇಳಿ' ಅಂತ ನಮ್ಮ ಕೇರಿಗೆ ಯಾರೂ ತಂದಿಲ್ಲ.

ಕೊನೆಗೆ ಎಂಟು ಸಾಲಿನ ನಾಟಿ ಮಷೀನು. ಚಾಪೆ ಥರ ಬೆಳೆಸಿದ ಸಸಿ ಹಿಂದಿನ ತಟ್ಟೆಯಲ್ಲಿ. ಕಬ್ಬಿಣದ ಬೆರಳು ಕಿತ್ತು ನೆಡುತ್ತದೆ. ಹತ್ತು ಹನ್ನೆರಡು ಹೆಂಗಸರು ಒಂದು ದಿನ ಬಗ್ಗಿ ನೆಡುವ ಎಕರೆ ಅದಕ್ಕೆ ಒಂದೆರಡು ಗಂಟೆಯ ಕೆಲಸ. ನಾವು ಸುಮ್ಮನೆ ನೋಡಿದೆವು. ಎಲ್ಲರ ಎದೆಯಲ್ಲೂ ಒಂದೇ ಲೆಕ್ಕ ಓಡುತ್ತಿತ್ತು. ಬಗ್ಗುವ ಬೆನ್ನು, ಬೆರಳ ಸಂದಿನ ಕೆಸರುಹುಣ್ಣು, ಇವು ಉಳಿಯಲಿ ಅಂತ ನಾನು ಪದ್ಯ ಬರೆಯಲಾರೆ. ನಾಟಿಪದದ ಚೆಂದ ಹೊಗಳುವವರು ಒಂದು ದಿನ ಬಗ್ಗಿ ನೋಡಲಿ. ಆದರೆ ಬೆನ್ನು ನೆಟ್ಟಗಾದ ಮೇಲೆ ಹೊಟ್ಟೆ ಏನು ಮಾಡಬೇಕು?

ದೊಡ್ಡವ್ವ ಮುಂದೆ ಹೋಗಿ, 'ನಾನೊಂದಪ ಕುಂತ್ಕತೀನಿ ಕಣಪ್ಪ' ಅಂದಳು. ನಗೆಯೆದ್ದಿತು. ಕುರ್ಚಿಯಿಂದ ಯಾರೋ 'ಏನವ್ವ, ಲೈಸೆನ್ಸ್ ಅದಾ?' ಅಂದರು. ಮಷೀನಿನ ಹುಡುಗ ಮಾತ್ರ ನಗಲಿಲ್ಲ. ಕೈಹಿಡಿದು ಹತ್ತಿಸಿ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ತೋರಿಸಿದ. ದೊಡ್ಡವ್ವ ಆ ಬದುವಿನಿಂದ ಈ ಬದುವಿನವರೆಗೆ ಓಡಿಸಿದಳು. ಸಾಲು ಸೊಟ್ಟಗಾಗಲಿಲ್ಲ. ನಲವತ್ತು ವರ್ಷ ಹಗ್ಗ ಹಿಡಿದು ನೆಟ್ಟ ಕಣ್ಣಿಗೆ ಸಾಲು ಯಾಕೆ ಸೊಟ್ಟಗಾಗುತ್ತದೆ? ಇಳಿದು ಬಂದು ಹೇಳಿದಳು: 'ಮೂಲೆಲಿ ತಿರುಕ್ಕೊಳ್ಳುವಾಗ ಬುಟ್ಬುಟ್ಟು ಹೋಯ್ತದೆ. ಅಲ್ಗೆ ಕೈಲೇ ನೆಡ್ಬೇಕು. ಆ ಕೂಲಿನ ಯಾರ್ ಲೆಕ್ಕಕ್ಕೆ ಬರ್ಕಂಡವ್ರೆ?' ಆ ದಿನದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಉತ್ತರ ಯಾರೂ ಕೊಡಲಿಲ್ಲ.

ಮಷೀನು ಇಳಿಯುವ ಗದ್ದೆ ಅಂಗೈಯಂತೆ ಮಟ್ಟವಾಗಿರಬೇಕು. ಮೊದಲು ಈ ಕೆಲಸ ಹಲಗೆಯದು. ಕೆಸರಿನ ಮೇಲೆ ಹಲಗೆ ಹಾಕಿ, ಎತ್ತು ಕಟ್ಟಿ, ಆಳು ಅದರ ಮೇಲೆ ನಿಲ್ಲುತ್ತಿದ್ದ. ನಮ್ಮ ತಾತ ನಿಂತಿದ್ದನಂತೆ. ಹಿಮ್ಮಡಿಗೆ ಭಾರ ಕೊಟ್ಟರೆ ಹಲಗೆಯ ಮುಂದಿನಂಚು ಏಳುತ್ತದೆ, ಮಣ್ಣು ಕೆಳಗೆ ನುಸುಳುತ್ತದೆ. ಕಾಲ್ಬೆರಳಿಗೆ ಭಾರ ಕೊಟ್ಟರೆ ಅಂಚು ಕಚ್ಚಿ ದಿಬ್ಬ ಕುಯ್ಯುತ್ತದೆ. ಎಲ್ಲವೂ ಪಾದದ ಲೆಕ್ಕ.

ಹಿಮ ಬೀಳುವ ದೇಶಗಳಲ್ಲಿ ಇದೇ ಪಾದದ ಲೆಕ್ಕ ಒಂದು ಆಟ. ಸ್ನೋಬೋರ್ಡ್ ಅನ್ನುವ ಹಲಗೆಯನ್ನು ಎರಡು ಕಾಲಿಗೂ ಕಟ್ಟಿಕೊಂಡು ಗುಡ್ಡದಿಂದ ಜಾರುತ್ತಾರೆ. ಮೈಯನ್ನು ವಾಲಿಸಿ ಹಲಗೆಯ ಅಂಚಿನ ಮೇಲೆ ನಿಂತು, ಹಿಮದಲ್ಲಿ ಸಣ್ಣ ಗೆರೆ ಕೊರೆಯುತ್ತ ತಿರುಗುವುದಕ್ಕೆಂದೇ ಬೇರೆ ಹಲಗೆಗಳಿವೆ. ಕೊಳ್ಳುವ ಮೊದಲು ನೋಡಲಿ ಅಂತ ಅಲ್ಲಿ ಡೆಮೋ ದಿನ ಇಡುತ್ತಾರೆ. ತಯಾರಿಸುವವರು ಗುಡ್ಡದ ಬುಡದಲ್ಲಿ ಡೇರೆ ಹಾಕುತ್ತಾರೆ. ಜಾರುವವರು ಒಂದಾದ ಮೇಲೊಂದು ಹಲಗೆ ಕಟ್ಟಿಕೊಂಡು ಹೋಗಿ ಬರುತ್ತಾರೆ. ನಿನ್ನ ತೂಕ ಎಷ್ಟು, ಪಾದ ಎಷ್ಟುದ್ದ, ಯಾವ ಕಾಲು ಮುಂದಿಡುತ್ತೀಯ ಅಂತ ಕೇಳಿ ಹಲಗೆ ಕೊಡುತ್ತಾರೆ. ಹಲಗೆ ಕಿರಿದಾಗಿ ಪಾದ ಹೊರಚಾಚಿದರೆ ತಿರುವಿನಲ್ಲಿ ಬೆರಳು ಹಿಮಕ್ಕೆ ತಾಗಿ ಬೀಳುತ್ತಾರೆ. ಅದಕ್ಕೇ ದೊಡ್ಡ ಪಾದದವರಿಗೆ ಅಗಲದ ಹಲಗೆ. ಆಡುವವರ ಪಾದಕ್ಕೆ ಇಷ್ಟು ಮರ್ಯಾದೆ! ನನಗೆ ಹೊಟ್ಟೆಕಿಚ್ಚಿಲ್ಲ. ಆಡಲಿ. ಆಟದ ಹಲಗೆಗೆ ಪಾದ ಅಳೆಯುವ ಲೋಕಕ್ಕೆ ಅನ್ನದ ಹಲಗೆಯ ಮೇಲೆ ನಿಂತವನ ಪಾದ ಯಾಕೆ ಕಾಣಲಿಲ್ಲ, ಅಷ್ಟೇ ನನ್ನ ಪ್ರಶ್ನೆ.

ನಮ್ಮ ಮೈಯನ್ನು ಪರೀಕ್ಷೆಗೆ ಬಳಸಿಲ್ಲ ಅಂತಲ್ಲ. ತುಳುನಾಡಿನ ಕಂಬಳದಲ್ಲಿ ಹಲಗೆ ಓಟವೂ ಇದೆ, ನೋಡುವವರಿಗೆ ಹಬ್ಬ. ಅದೇ ಕಂಬಳಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಓಡಿಸುವ ಪದ್ಧತಿಯಿತ್ತು. ಕೋಣದ ಕಾಲಿಗೆ ಚುಚ್ಚಬಾರದ ಮುಳ್ಳು ಮೊದಲು ಮನುಷ್ಯನ ಕಾಲಿಗೆ ಚುಚ್ಚಲಿ ಅಂತ. ಅಜಲು ಅನ್ನುವ ಈ ಅನಿಷ್ಟವನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಅಲ್ಲಿಂದ ಇಲ್ಲಿಯವರೆಗೆ ಪರೀಕ್ಷೆಗೆ ನಮ್ಮ ಕಾಲು, ತೀರ್ಪಿಗೆ ಇನ್ನೊಬ್ಬರ ಬಾಯಿ. ಜಾತಿ ಬರೀ ಕೆಲಸಗಳ ವಿಂಗಡಣೆಯಲ್ಲ, ಕೆಲಸಗಾರರನ್ನೇ ವಿಂಗಡಿಸುವುದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಪ್ರಾತ್ಯಕ್ಷಿಕೆಯ ಗದ್ದೆಯಲ್ಲಿ ಅದು ಕುರ್ಚಿ ಮತ್ತು ಬದು ಆಗಿ ಕಂಡಿತು.

ಇನ್ನು ಸಹಾಯಧನ. ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಪರಿಶಿಷ್ಟ ಜಾತಿ, ಪಂಗಡಕ್ಕೆ ನೂರಕ್ಕೆ 90. ಕೇಳಲು ಇಂಪು. ಆದರೆ ಅರ್ಜಿಗೆ ಪಹಣಿ ಲಗತ್ತಿಸಬೇಕು. ದೇವರಾಜ ಅರಸರು ನಮ್ಮ ಹುಣಸೂರಿನವರು. ಅವರ ಕಾಲದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಬಂತು, ಉಳುವವನು ಹೊಲದೊಡೆಯನಾದ. ದೊಡ್ಡ ಕೆಲಸ ಅದು. ಆದರೆ ಕಾಯ್ದೆ ಕಂಡದ್ದು ಗೇಣಿದಾರನನ್ನು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವರು ಕೂಲಿಯವರಾಗೇ ಉಳಿದರು. ದೊಡ್ಡವ್ವನ ಗಂಡನ ಮನೆ ಎಚ್.ಡಿ. ಕೋಟೆ ಕಡೆ; 1974ರಲ್ಲೇ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರಲ್ಲಿ ಅವರ ಊರು ಹೋಯಿತು. ನಮ್ಮ ಕೇರಿಯ ಅಲ್ಲಷ್ಟು ಇಲ್ಲಷ್ಟು ಗುಂಟೆಗಳ ಪಹಣಿ ಇನ್ನೂ ಸತ್ತುಹೋದ ಮುತ್ತಾತಂದಿರ ಹೆಸರಲ್ಲಿ. ಹಾಗಾಗಿ ವೀಡರನ್ನು ತಳ್ಳುವ ಕೈ ಒಂದು, ಸಹಾಯಧನ ಹಿಡಿಯುವ ಕೈ ಇನ್ನೊಂದು.

ಆಗದ ಮಾತೇನನ್ನೂ ನಾನು ಕೇಳುತ್ತಿಲ್ಲ. ಭೋಪಾಲಿನ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ದುಡಿಯುವವರ ಮೈ ಅಳತೆ ತೆಗೆದಿದ್ದಾರೆ. ಹೆಣ್ಣಾಳು ಗಂಡಾಳಿಗಿಂತ ಸರಾಸರಿ ನಾಲ್ಕೈದು ಅಂಗುಲ ಗಿಡ್ಡ ಅನ್ನೋದು ಅವರ ಪುಸ್ತಕದಲ್ಲೇ ಇದೆ. ಭುವನೇಶ್ವರದಲ್ಲಿ ಕೃಷಿ ಮಹಿಳೆಯರಿಗೆಂದೇ 1996ರಿಂದ ಒಂದು ಸಂಶೋಧನಾ ಕೇಂದ್ರವಿದೆ. ಅಳತೆ ಆಗಿದೆ, ನಮ್ಮ ಗದ್ದೆಯವರೆಗೆ ಬಂದಿಲ್ಲ. ಆದ್ದರಿಂದ ಮುಂದಿನ ಪ್ರಾತ್ಯಕ್ಷಿಕೆಗೆ ಸಂಘಟನೆಯವರು ಹೋಗಿ ನಾಲ್ಕು ಮಾತು ಕೇಳಬೇಕು. ಬಳಸುವವರೇ ಇಡೀ ದಿನ ಬಳಸಿ ನೋಡಲಿ, ಆ ದಿನದ ಕೂಲಿ ಕೊಡಿ. ಕ್ಯಾನು ತುಂಬಿಸಿ ಹೊರಿಸಿ, ಕೈಗವಸು ಅದರ ಜತೆಗೇ ಕೊಡಿ. ಮಷೀನು ಓಡಿಸುವುದನ್ನು ನಾಟಿ ಹೆಂಗಸರಿಗೇ ಮೊದಲು ಕಲಿಸಿ. ಪಹಣಿಯಿಲ್ಲದ ಕೂಲಿ ಹೆಂಗಸರ ಸಂಘಕ್ಕೂ ಸಹಾಯಧನದಲ್ಲಿ ಮಷೀನು ಕೊಡಿ. ನಾಟಿ ಬಾಡಿಗೆ ಅವರಿಗೇ ಬರಲಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಲೆಕ್ಕದ ಪಾಠದಲ್ಲಿ ಅಳತೆ ಬರುತ್ತದಲ್ಲ, ಆಗ ಮಕ್ಕಳ ಕೈಗೆ ಟೇಪು ಕೊಟ್ಟು ಮನೆಗೆ ಕಳಿಸಿ. ಅವ್ವಂದಿರ ಮೊಣಕೈ ನೆಲದಿಂದ ಎಷ್ಟೆತ್ತರ, ಸೊಂಟ ಎಷ್ಟೆತ್ತರ, ಮುಷ್ಟಿ ಎಷ್ಟು ಸುತ್ತು ಅಂತ ಅಳೆದು ಬರೆದು ತರಲಿ. ತಳ್ಳುವ ಉಪಕರಣದ ಹಿಡಿ ಸೊಂಟಕ್ಕೂ ಮೊಣಕೈಗೂ ನಡುವೆ ಇರಬೇಕು. ಮೂವತ್ತು ಮಕ್ಕಳಿದ್ದರೆ ಮೂವತ್ತು ಅವ್ವಂದಿರ ಲೆಕ್ಕ ಸಿಗುತ್ತದೆ. ಸರಾಸರಿ ತೆಗೆಯುವುದನ್ನು ಅದರಿಂದಲೇ ಕಲಿಸಿ. ಆ ಹಾಳೆಯ ಒಂದು ಪ್ರತಿಯನ್ನು, ಪ್ರಾತ್ಯಕ್ಷಿಕೆ ಮಾಡಲು ಬರುವವರ ಕೈಗೆ ಕೊಡಿ.