ಪಕ್ಷಕ್ಕೊಂದು ಪುಟ

ಯುಗಾದಿ ಹತ್ತಿರವಾದಾಗ ದೇವರಾಜ ಮಾರುಕಟ್ಟೆಯ ಕಡೆ ಹೋದರೆ ಎರಡು ಪುಸ್ತಕ ಕೊಳ್ಳದೆ ನಾನು ಹಿಂದಿರುಗುವುದಿಲ್ಲ. ಒಂದು, ಹೊಸ ಸಂವತ್ಸರದ ಒಂಟಿಕೊಪ್ಪಲ್ ಪಂಚಾಂಗ. ಇನ್ನೊಂದು, ದಪ್ಪ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಹಬ್ಬದ ದಿನ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತೇನೆ. ಸಂಜೆ ನನ್ನ ಗಂಡ ಪಂಚಾಂಗ ಓದುತ್ತಾರೆ, ಮನೆಮಂದಿಯೆಲ್ಲ ಕೂತು ಕೇಳುತ್ತೇವೆ. ಅವರ ಓದು ಮುಗಿದ ಮೇಲೆ ನನ್ನ ಬರವಣಿಗೆ ಶುರು. ನಮ್ಮ ಇಬ್ಬರು ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಅವರ ವರ್ಷದ ಪಾಠ, ಪೂಜೆ, ಮನೆಗೆಲಸ, ತಿರುಗಾಟ ಎಲ್ಲಕ್ಕೂ ಆ ಲೆಕ್ಕದ ಪುಸ್ತಕವೇ ಆಧಾರ. ಕೆಲವರಿಗೆ ಹೊಲಿಗೆ ಇಷ್ಟ, ಕೆಲವರಿಗೆ ಹೂದೋಟ. ನನಗೆ ಈ ಪುಸ್ತಕಕ್ಕೆ ಗೆರೆ ಹಾಕುವುದು, ದಿನಗಳನ್ನು ಒಂದರ ಪಕ್ಕ ಒಂದು ಜೋಡಿಸುವುದು ಬಲು ಪ್ರೀತಿ.

ಪುಸ್ತಕ ತೆರೆದಾಗ ಕಾಣುವ ಎರಡು ಪುಟ ಒಂದು ಪಕ್ಷಕ್ಕೆ. ಎಡಪುಟದಲ್ಲಿ ಪಾಡ್ಯದಿಂದ ಹುಣ್ಣಿಮೆಗೆ, ಮುಂದಿನ ಪಕ್ಷದ ಎಡಪುಟದಲ್ಲಿ ಪಾಡ್ಯದಿಂದ ಅಮಾವಾಸ್ಯೆಗೆ ಹದಿನೈದು ಸಾಲು. ಮೊದಲು ತಿಥಿ, ಅದರ ಪಕ್ಕ ವಾರ ಮತ್ತು ಇಂಗ್ಲಿಷ್ ತಾರೀಖು, ಆಮೇಲೆ ಓದು, ಲೆಕ್ಕ, ಬಾಯಿಪಾಠ, ಕೈಕೆಲಸ. ಗೆರೆಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ನಾನೇ ಎಳೆಯುತ್ತೇನೆ. ಅಚ್ಚುಕಟ್ಟಾದ ಪ್ಲಾನರ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ನಿಜ. ಅವು ಜನವರಿಗೆ ಶುರುವಾಗುತ್ತವೆ, ವಾರದ ಲೆಕ್ಕದಲ್ಲಿ ನಡೆಯುತ್ತವೆ. ನಮ್ಮ ಅಡುಗೆಮನೆಯೂ ದೇವರಮನೆಯೂ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಏಕಾದಶಿಗೆ ಅತ್ತೆಯವರ ಉಪವಾಸ, ದ್ವಾದಶಿಗೆ ಬೆಳಗಾಗುತ್ತಲೇ ಪಾರಣೆಯ ಅಡುಗೆ, ಚೌತಿಗೆ ಸಂಕಷ್ಟಿ. ಮನೆ ಒಂದು ಲೆಕ್ಕದಲ್ಲಿ, ಪಾಠ ಇನ್ನೊಂದು ಲೆಕ್ಕದಲ್ಲಿ ನಡೆದರೆ ಹಬ್ಬ ಪ್ರತಿಸಲವೂ ಪಾಠಕ್ಕೆ ಅಡ್ಡ ಬಂದಂತೆ ಕಾಣುತ್ತದೆ. ಎರಡನ್ನೂ ಒಂದೇ ಪುಟಕ್ಕೆ ತಂದರೆ ಹಬ್ಬವೇ ಪಾಠವಾಗುತ್ತದೆ. ಮನೆಯಲ್ಲಿ ಮಕ್ಕಳಿಗೆ ಕಲಿಸುತ್ತ ನಾನು ಕಂಡುಕೊಂಡ ದೊಡ್ಡ ಮಾತು ಇದು.

ಬಿಡುವಿನ ದಿನಗಳನ್ನು ನಾನು ವೇದಪಾಠಶಾಲೆಗಳ ಅನಧ್ಯಯನದ ಕ್ರಮದಿಂದ ಪಡೆದುಕೊಂಡಿದ್ದೇನೆ. ಪ್ರತಿ ಪಕ್ಷದಲ್ಲೂ ಪಾಡ್ಯ, ಅಷ್ಟಮಿ, ಚತುರ್ದಶಿ, ಜೊತೆಗೆ ಹುಣ್ಣಿಮೆ ಇಲ್ಲವೆ ಅಮಾವಾಸ್ಯೆ, ಹೀಗೆ ನಾಲ್ಕು ದಿನ ಹೊಸ ಪಾಠವಿಲ್ಲ. ತಿಂಗಳಿಗೆ ಎಂಟು ದಿನವಾಯಿತು. ಶನಿವಾರ ಭಾನುವಾರಗಳನ್ನು ಕೂಡಿಸಿದರೂ ಬರುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಈ ಬಿಡುವುಗಳು ಬೀಳುವ ಜಾಗ ನೋಡಿ. ಬಿದಿಗೆಯಿಂದ ಸಪ್ತಮಿಯವರೆಗೆ ಆರು ದಿನ ಬಿರುಸಿನ ಓದು, ಅಷ್ಟಮಿಗೆ ಒಂದು ದಿನ ನಿಲುಗಡೆ, ನವಮಿಯಿಂದ ತ್ರಯೋದಶಿಯವರೆಗೆ ಮತ್ತೆ ಐದು ದಿನ, ಆಮೇಲೆ ಒಟ್ಟಿಗೆ ಮೂರು ದಿನ ವಿರಾಮ. ಆ ಮೂರು ದಿನದಲ್ಲಿ ಹಳೆಯ ಪಾಠ ಮೆಲುಕು ಹಾಕಬಹುದು, ಊರಿಗೆ ಹೋಗಿ ಬರಬಹುದು. ಪಾಡ್ಯದ ದಿನ ಓದಿದ ವಿದ್ಯೆ ಸೊರಗುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದು ಎಂದರೆ, ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಸೀತೆ ಬಡವಾಗಿದ್ದನ್ನು ವಾನರರಿಗೆ ಹೇಳುವಾಗ ಹನುಮಂತ ಇದೇ ಹೋಲಿಕೆ ಕೊಡುತ್ತಾನೆ. ಆ ಭಾಗವನ್ನು ಕೇಳಿದಂದಿನಿಂದ ನನ್ನ ಮಗ ಪಾಡ್ಯದ ದಿನ ಪುಸ್ತಕಗಳನ್ನು ತಾನೇ ಕಪಾಟಿನೊಳಗೆ ಇಟ್ಟುಬಿಡುತ್ತಾನೆ.

ಪಾಠವಿಲ್ಲದ ದಿನ ಅಂದರೆ ಕಲಿಕೆಯಿಲ್ಲದ ದಿನ ಅಲ್ಲ. ಪೂಜೆಯ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುವುದು, ಹೂವು ಕಟ್ಟುವುದು, ಗುಂಡಿ ಹೊಲಿಯುವುದು, ಚೀಟಿ ಹಿಡಿದು ಹೋಗಿ ದಿನಸಿ ತರುವುದು ಎಲ್ಲ ಅಂದಿನ ಕೆಲಸ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಹೆಜ್ಜಾರ್ಲೆಗಳನ್ನು ನೋಡಿ ಬಂದರೆ ಮಗಳ ಚಿತ್ರದ ಪುಸ್ತಕಕ್ಕೆ ಒಂದು ಹಾಳೆ ಸೇರುತ್ತದೆ.

ಓದಿನ ದಿನಗಳು ಸೂರ್ಯೋದಯದೊಡನೆ ಶುರುವಾಗುತ್ತವೆ. ಸ್ನಾನ ಮುಗಿಸಿ ದೇವರ ಮುಂದೆ ನಿಂತು ಮಕ್ಕಳು ತಂದೆಯ ಜೊತೆ ಸಂಕಲ್ಪ ಹೇಳುತ್ತಾರೆ. ತಾವು ನಿಂತಿರುವ ನೆಲ ಯಾವುದು, ಸಂವತ್ಸರ ಯಾವುದು, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಯಾವುವು ಎಂದು ದೇವರಿಗೆ ಅರಿಕೆ ಮಾಡಿಕೊಳ್ಳುವ ಆ ಕ್ರಮಕ್ಕಿಂತ ಒಳ್ಳೆಯ ಭೂಗೋಳದ ಪಾಠ, ಕಾಲಗಣನೆಯ ಪಾಠ ನನಗೆ ಗೊತ್ತಿಲ್ಲ. ಏಳು ವರ್ಷದ ಮಗ ಎದ್ದ ಕೂಡಲೇ ಕೇಳುವ ಮೊದಲ ಪ್ರಶ್ನೆ, “ಅಮ್ಮಾ, ಇವತ್ತು ಯಾವ ತಿಥಿ?” ನಾನು ಪಂಚಾಂಗದತ್ತ ಕೈ ತೋರಿಸುತ್ತೇನೆ. ಅವನೇ ಹುಡುಕಿ ಓದಬೇಕು.

ಹುಡುಕುವಾಗಲೇ ಅರ್ಧ ಗಣಿತ ಮುಗಿದಿರುತ್ತದೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ವೇಗದಲ್ಲಿ ಇರುವುದಿಲ್ಲ, ಹಾಗಾಗಿ ತಿಥಿ ಸುಮಾರು 20 ಗಂಟೆಯಿಂದ ಸುಮಾರು 26 ಗಂಟೆಯವರೆಗೂ ಇರಬಹುದು. ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಎರಡು ಸೂರ್ಯೋದಯಗಳ ನಡುವೆ ಹುಟ್ಟಿ ಮುಗಿದುಹೋದ ತಿಥಿ ಕ್ಷಯ, ಎರಡು ಸೂರ್ಯೋದಯ ಕಂಡದ್ದು ವೃದ್ಧಿ. ಕ್ಷಯ ಬಂದ ಪಕ್ಷದಲ್ಲಿ ನನ್ನ ಪುಟದ ಒಂದು ಸಾಲಿಗೆ ದಿನವೇ ಇರುವುದಿಲ್ಲ, ವೃದ್ಧಿ ಬಂದಾಗ ಒಂದು ಸಾಲು ಹೆಚ್ಚು ಬೇಕು. ಅದಕ್ಕೇ ಪುಟದ ಅಡಿಯಲ್ಲಿ ಯಾವಾಗಲೂ ಜಾಗ ಬಿಟ್ಟಿರುತ್ತೇನೆ.

ಪಾಠದ ಅವಧಿ ಒಂದು ಘಳಿಗೆ. ಹಗಲು ರಾತ್ರಿ ಸೇರಿ 60 ಘಳಿಗೆ, ಘಳಿಗೆಗೆ 24 ನಿಮಿಷ. ಮನೆಪಾಠದವರು ತುಂಬ ಗೌರವಿಸುವ ಇಂಗ್ಲೆಂಡಿನ ಶಾರ್ಲೆಟ್ ಮೇಸನ್ (1842–1923) ಚಿಕ್ಕ ಮಕ್ಕಳ ಪಾಠ 20 ನಿಮಿಷ ಮೀರಬಾರದು ಎಂದವರು. ನಮ್ಮ ಘಳಿಗೆ ಅದರ ಹತ್ತಿರವೇ ಇದೆ. ತಿಂಡಿಯಾದ ಮೇಲೆ ಒಂದು ಘಳಿಗೆ ಕನ್ನಡ ಓದು, ಒಂದು ಘಳಿಗೆ ಲೆಕ್ಕ, ಒಂದು ಘಳಿಗೆ ಇಂಗ್ಲಿಷ್. ಆಮೇಲೆ ಅಂಗಳದಲ್ಲಿ ಆಟ. ಅನಂತರ ಅತ್ತೆಯವರ ಸರದಿ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಅವರು ರಾಗವಾಗಿ ಹೇಳಿಕೊಡುತ್ತಾರೆ. ಅಮರಕೋಶದ ಸ್ವರ್ಗವರ್ಗವೂ ಅವರ ಬಾಯಿಂದಲೇ ಮಕ್ಕಳ ಬಾಯಿಗೆ ಬಂದದ್ದು. ಅಜ್ಜಿಯ ಎದುರು ಕೂತಾಗ ಮಕ್ಕಳು ಗಡಿಯಾರ ನೋಡುವುದಿಲ್ಲ. ಆ ಪಾಠಕ್ಕೆ ನನ್ನ ಪುಟದಲ್ಲಿ ಮಿತಿಯನ್ನೂ ಬರೆದಿಲ್ಲ.

ವರ್ಷದ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಡುವುದು ಹಬ್ಬಗಳ ಸುತ್ತ ಪಾಠ ಕಟ್ಟುವ ಕೆಲಸ. ಚೈತ್ರದಲ್ಲಿ ರಾಮನವಮಿ. ಪಾನಕಕ್ಕೆ ನೀರೆಷ್ಟು, ಬೆಲ್ಲವೆಷ್ಟು, ನಾಲ್ಕು ಜನಕ್ಕೆ ಮಾಡಿದ್ದನ್ನು ನಲವತ್ತು ಜನಕ್ಕೆ ಮಾಡಿದರೆ ಏಲಕ್ಕಿಯನ್ನೂ ಹತ್ತು ಪಟ್ಟು ಹಾಕಬೇಕೆ? ಅನುಪಾತದ ಪಾಠ ನಾಲಿಗೆಯಲ್ಲೇ ತಿಳಿಯುತ್ತದೆ. ಮುಂಗಾರು ಬಂತೆಂದರೆ ತಾರಸಿಯ ಮೇಲೆ ಮಳೆ ಅಳೆಯುವ ಸೀಸೆ. ನಮ್ಮ ರೈತರು ಮಳೆಯನ್ನು ಗುರುತಿಸುವುದು ಸೂರ್ಯ ಇರುವ ನಕ್ಷತ್ರದಿಂದ: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಖಾ. ಒಂದೊಂದಕ್ಕೂ 13–14 ದಿನ. ಯಾವ ಮಳೆ ಎಷ್ಟು ಮಿಲಿಮೀಟರ್ ಸುರಿಯಿತು ಎಂದು ಮಗಳು ಪಟ್ಟಿ ಮಾಡುತ್ತಾಳೆ. ಆಷಾಢದಲ್ಲಿ ಒಂದು ಬೆಳಗ್ಗೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ದಾರಿಯಲ್ಲಿ ಕಲ್ಲಿನ ನಂದಿಯ ಮುಂದೆ ಕೂತು, ಅದನ್ನು ಕಡೆಸಿದ ದೊಡ್ಡ ದೇವರಾಜ ಒಡೆಯರ ಕಾಲದ ಕಥೆ ಹೇಳಿಕೊಳ್ಳುತ್ತೇವೆ.

ಭಾದ್ರಪದದಲ್ಲಿ ಜೇಡಿಮಣ್ಣಿನ ಗಣಪತಿ. ಚೌತಿ ಕಳೆದು ಹುಣ್ಣಿಮೆ ದಾಟಿದರೆ ಪಿತೃಪಕ್ಷ. ಆ ಹದಿನೈದು ದಿನ ನಮ್ಮ ಚರಿತ್ರೆಯ ಪಾಠ ಮನೆಯೊಳಗೇ. ತಾತ, ಮುತ್ತಾತ, ಅವರ ಊರು, ಅವರು ಮಾಡುತ್ತಿದ್ದ ಕೆಲಸ, ಅಜ್ಜಿಯರ ತವರು ಎಲ್ಲವನ್ನೂ ಅತ್ತೆಯವರಿಂದ ಕೇಳಿ ಮಕ್ಕಳು ವಂಶವೃಕ್ಷ ಬರೆಯುತ್ತಾರೆ. ತರ್ಪಣ ಕೊಡುವಾಗ ತಂದೆ ಹೇಳುವ ಹೆಸರುಗಳು ಅವರಿಗೆ ಬರೀ ಹೆಸರಾಗಿ ಉಳಿಯುವುದಿಲ್ಲ. ಪಿತೃಪಕ್ಷ ಮುಗಿದ ಮರುದಿನವೇ ನವರಾತ್ರಿ. ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಮೆಟ್ಟಿಲ ಮೇಲಿಡುವ ಕೆಲಸ ಮಕ್ಕಳದು. ಮೂಲಾ ನಕ್ಷತ್ರದಲ್ಲಿ ಸರಸ್ವತಿಯ ಆವಾಹನೆ. ಅಂದು ಪುಸ್ತಕಗಳೆಲ್ಲ ಪೂಜೆಗೆ, ನನ್ನ ಲೆಕ್ಕದ ಪುಸ್ತಕವೂ ಅವುಗಳ ಜೊತೆಗೆ. ಶ್ರವಣಾ ನಕ್ಷತ್ರದಲ್ಲಿ ವಿಸರ್ಜನೆಯಾಗುವವರೆಗೆ ಓದು ಬರಹ ಇಲ್ಲ. ವಿಜಯದಶಮಿಗೆ ಹೊಸ ಪಾಠ ಆರಂಭ. ಓದಿನ ಬೆಲೆ ಮಕ್ಕಳಿಗೆ ತಿಳಿಯಬೇಕಾದರೆ ವರ್ಷದಲ್ಲಿ ಒಮ್ಮೆಯಾದರೂ ಪುಸ್ತಕಕ್ಕೆ ಕೈಮುಗಿದು ದೂರ ಕೂರಬೇಕು. ಮೂರನೆಯ ದಿನದ ಹೊತ್ತಿಗೆ ಮಗಳು ಪುಸ್ತಕದ ರಾಶಿಯನ್ನು ಆಸೆಯಿಂದ ನೋಡುತ್ತಿರುತ್ತಾಳೆ.

ಕಾರ್ತೀಕ ಮುಗಿಯುವ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ರಾಗಿ ಕೊಯ್ಲು. ಆಗ ನಮ್ಮ ರಾತ್ರಿಯ ಓದಿಗೆ ಕನಕದಾಸರ ರಾಮಧಾನ್ಯ ಚರಿತೆ. ರಾಗಿಗೂ ಭತ್ತಕ್ಕೂ ನಡೆದ ವಾದದಲ್ಲಿ ರಾಗಿಯನ್ನು ಗೆಲ್ಲಿಸುವ ಆ ಕಾವ್ಯ ಕೇಳಿ, ಮಾರನೆಯ ದಿನ ಹೊಲಕ್ಕೆ ಹೋಗಿ ತೆನೆ ಮುಟ್ಟಿ ಬಂದರೆ ಆಹಾರದ ಪಾಠ, ಮೇಲು ಕೀಳಿನ ಪಾಠ ಎರಡೂ ಆಗುತ್ತವೆ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಪೂಜೆ, ಹುಗ್ಗಿ. ಆಕಾಶ ಶುಭ್ರವಾಗಿದ್ದರೆ ಸಂಜೆ ತಾರಸಿಯ ಮೇಲೆ ಕೃತ್ತಿಕೆಯನ್ನೂ ರೋಹಿಣಿಯನ್ನೂ ಗುರುತಿಸುತ್ತೇವೆ. ಸಂಕ್ರಾಂತಿ ಬಂದಾಗ ಎಳ್ಳು ಬೆಲ್ಲದ ಜೊತೆಗೊಂದು ಪ್ರಶ್ನೆ: ಉಳಿದ ಹಬ್ಬಗಳೆಲ್ಲ ತಾರೀಖು ಬದಲಿಸುವಾಗ ಇದೊಂದು ಏಕೆ ಜನವರಿ 14 ಅಥವಾ 15ಕ್ಕೇ ಬರುತ್ತದೆ?

ಆ ಪ್ರಶ್ನೆಗೆ ಉತ್ತರ ಈ ವರ್ಷದ ಪಂಚಾಂಗದಲ್ಲೇ ಇದೆ. ಸಂಕ್ರಾಂತಿ ನಡೆಯುವುದು ಸೂರ್ಯನ ಲೆಕ್ಕದಲ್ಲಿ, ಉಳಿದವು ಚಂದ್ರನ ಲೆಕ್ಕದಲ್ಲಿ. ಸೌರ ವರ್ಷಕ್ಕೆ 365 ದಿನ, ಹನ್ನೆರಡು ಚಾಂದ್ರಮಾಸಕ್ಕೆ 354. ಪ್ರತಿವರ್ಷ 11 ದಿನದ ಅಂತರ ಕೂಡಿಕೊಳ್ಳುತ್ತ ಹೋಗಿ ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕಮಾಸ ಬೇಕಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರ ಮಾರ್ಚ್ 19ಕ್ಕೆ ಶುರುವಾದ ಪರಾಭವ ಸಂವತ್ಸರದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ನನ್ನ ಪುಸ್ತಕಕ್ಕೆ ಎರಡು ಪಕ್ಷ, ನಾಲ್ಕು ಪುಟ ಹೆಚ್ಚು. ಮದುವೆ ಮುಂಜಿಗಳ ಕರೆಯೋಲೆ ಬಾರದ ತಿಂಗಳು ಅದು. ಓದಿಗೆ ಅಷ್ಟು ನಿರಾತಂಕ ಕಾಲ ಬೇರೆ ಸಿಗದು. ಮಗಳಿಗೆ ಭಿನ್ನರಾಶಿ ಮುಗಿಸಿ ದಶಮಾಂಶಕ್ಕೆ ಹೋಗುವುದು, ಮಗನಿಗೆ ಒತ್ತಕ್ಷರ ಗಟ್ಟಿ ಮಾಡುವುದು ಎಂದು ಬರೆದಿದ್ದೇನೆ. ಅಧಿಕಮಾಸದ ದಾನಕ್ಕೆ 33 ಕಜ್ಜಾಯ ಮಾಡುವ ದಿನವನ್ನೂ ಗುರುತು ಹಾಕಿದ್ದೇನೆ. ಎಣಿಸುವ ಹೊಣೆ ಮಗನದು.

ಇದೇ ಪರಾಭವದಲ್ಲಿ ಇನ್ನೊಂದು ಸಂಭ್ರಮವೂ ಇದೆ. ಸಂವತ್ಸರಗಳ ಚಕ್ರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಿಂದಿನ ಪರಾಭವ 1966ರಲ್ಲಿ ಬಂದಿತ್ತು. ಅತ್ತೆಯವರು ಹುಟ್ಟಿದ್ದು ಆ ವರ್ಷ. ಲೆಕ್ಕ ಹಾಕಿ ಮೊದಲು ಹೇಳಿದವಳು ಮಗಳು. “ಅಜ್ಜಿ, ನೀವು ಹುಟ್ಟಿದ ವರ್ಷವೇ ವಾಪಸ್ ಬಂದಿದೆ!” ಎಂದಾಗ ಅತ್ತೆಯವರು ಅವಳ ತಲೆ ನೇವರಿಸಿ, “ನಿನ್ನ ಲೆಕ್ಕ ಸರಿಯಾಗಿದೆ, ಮರಿ” ಎಂದರು.

ಇನ್ನು ಬಲಪುಟ. ಎಡಪುಟ ನಾನು ಅಂದುಕೊಂಡದ್ದು, ಬಲಪುಟ ನಡೆದದ್ದು. ಅದನ್ನು ತ್ರಯೋದಶಿಯ ಸಂಜೆ ಮಕ್ಕಳ ಜೊತೆ ಕೂತು ತುಂಬುತ್ತೇನೆ. ಅಂದುಕೊಂಡದ್ದರಲ್ಲಿ ಉಳಿದದ್ದು ಮುಂದಿನ ಪಕ್ಷಕ್ಕೆ ಹೋಗುತ್ತದೆ. ಅಂದುಕೊಳ್ಳದೇ ಬಂದದ್ದಕ್ಕೆ ಬಲಪುಟದಲ್ಲಿ ಗೌರವದ ಜಾಗ. ಬಾವಿಯ ಕಟ್ಟೆಯ ಹತ್ತಿರ ಕಂಡ ಹಾವಿನ ಪೊರೆ, ನೆಂಟರ ಮನೆಯ ಮಾಮ ಕಲಿಸಿದ ಗಂಟು ಹಾಕುವ ಬಗೆ, ಮಗ ತಾನೇ ಕೇಳಿದ ಪ್ರಶ್ನೆ. ವರ್ಷ ಮುಗಿದಾಗ ಮಕ್ಕಳು ಬೆಳೆದ ಬಗೆ ತಿಳಿಯಬೇಕಾದರೆ ನಾನು ಓದುವುದು ಬಲಪುಟಗಳನ್ನೇ.

ಮುಂದೆ ಪರೀಕ್ಷೆ ಹೇಗೆ ಎಂದು ಕೇಳುವವರಿಗೆ ಉತ್ತರವೂ ಇದೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಒ.ಎಸ್., ಮೂರು, ಐದು, ಎಂಟನೆಯ ತರಗತಿಗಳಿಗೆ ಸಮನಾದ ಎ, ಬಿ, ಸಿ ಹಂತಗಳನ್ನು ಇಟ್ಟಿದೆ. 14 ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೂ ಕೂರಬಹುದು. ಅದರ ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಹನ್ನೆರಡರ ಮಗಳಿಗೆ ಆ ದಿನ ದೂರವಿಲ್ಲ. ಆ ವರ್ಷದ ಪುಸ್ತಕದಲ್ಲಿ ಪರೀಕ್ಷೆಯ ತಾರೀಖೂ ತಿಥಿಯ ಪಕ್ಕದಲ್ಲೇ ಕೂರುತ್ತದೆ.

ಮಕ್ಕಳನ್ನು ಶಾಲೆಗೆ ಕಳಿಸುವ ಮನೆಯವರಿಗೂ ನನ್ನದೊಂದು ಮಾತು. ಮುಂದಿನ ಪಾಡ್ಯಕ್ಕೆ ಕಾಯಿರಿ. ಒಂದು ಉದ್ದನೆಯ ಪುಸ್ತಕ ತಂದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಪಕ್ಷಕ್ಕೆ ಗೆರೆ ಹಾಕಿ. ಪಂಚಾಂಗ ಮಕ್ಕಳ ಕೈಗೆ ಕೊಡಿ, ಹಬ್ಬವನ್ನು ಅವರೇ ಹುಡುಕಲಿ, ಆ ಹಬ್ಬಕ್ಕೆ ಏನು ಓದಬೇಕು, ಏನು ಮಾಡಬೇಕು ಎಂದು ಅವರೇ ಬರೆಯಲಿ. ಬಲಪುಟವನ್ನು ಮಾತ್ರ ಖಾಲಿ ಬಿಡಿ. ಪಕ್ಷ ಮುಗಿಯುವಷ್ಟರಲ್ಲಿ ಅದನ್ನು ನಿಮ್ಮ ಮಕ್ಕಳೇ ತುಂಬುತ್ತಾರೆ.